‘ಕನ್ನಡ’ ಗುಂಡಿ ಒತ್ತಿದರೆ ಕನ್ನಡ ಬರಬೇಕು

ಆರೋಗ್ಯ ಮಾಹಿತಿಯ ಜಾಲತಾಣಗಳನ್ನು ಯಾರಿಗಾಗಿ ಮಾಡುತ್ತಾರೆ? ನನ್ನನ್ನು ಕೇಳಿದರೆ, ಹೆಚ್ಚಿನವನ್ನು ಮಾಡುವುದು ಉದ್ಘಾಟನೆಗಾಗಿ. ದೀಪ ಹಚ್ಚಿ ಫೋಟೋ ತೆಗೆಸಿಕೊಂಡ ಮೇಲೆ ಓದುವವರ ಗೊಡವೆ ಯಾರಿಗೂ ಇರುವುದಿಲ್ಲ.

ನಾನಿರುವುದು ಆಯನೂರಿನಲ್ಲಿ, ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ. ಮಂಗನ ಕಾಯಿಲೆ ನಮಗೆ ದೂರದ ಸುದ್ದಿಯಲ್ಲ. 1957ರಲ್ಲಿ ಅದು ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡನ್ನು ನಡುಗಿಸಿದ್ದೂ ಅದೇ. ಈ ವೈರಸ್ಸನ್ನೇ ಕೊಲ್ಲುವ ಔಷಧಿಯಿಲ್ಲ. ಹಾಗಾಗಿ ಮಾಹಿತಿಯೇ ಅರ್ಧ ಮದ್ದು. ಸತ್ತ ಮಂಗನನ್ನು ಮುಟ್ಟಬೇಡಿ. ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಿ. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ. ಬಂದ ಮೇಲೆ ಉಣುಗು ಹತ್ತಿದೆಯೇ ನೋಡಿಕೊಳ್ಳಿ. ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇಷ್ಟೇ ಐದು ಸಾಲು. ಇದನ್ನು ಹುಡುಕಿಕೊಂಡು ಒಂದು ತಾಣಕ್ಕೆ ಹೋಗಿ ‘ಕನ್ನಡ’ ಎಂಬ ಗುಂಡಿ ಒತ್ತಿದೆ. ತಲೆಬರಹ ಕನ್ನಡವಾಯಿತು, ಒಳಗಿನದು ಇಂಗ್ಲಿಷಾಗಿಯೇ ಉಳಿಯಿತು. ಕೊನೆಗೆ ಸಿಕ್ಕಿದ್ದು ಸ್ಕ್ಯಾನ್ ಮಾಡಿದ ಸುತ್ತೋಲೆಯ ಪಿಡಿಎಫ್. ಅದು ಅಕ್ಷರವಲ್ಲ, ಅಕ್ಷರದ ಚಿತ್ರ. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಅದು ಖಾಲಿ ಹಾಳೆ. ಕಣ್ಣಿದ್ದವರಿಗೂ ಮೊಬೈಲಿನಲ್ಲಿ ಹಿಗ್ಗಿಸಿದರೆ ಸಾಲಿನ ಕೊನೆ ಸಿಗುವುದಿಲ್ಲ.

ಇದು ಸಣ್ಣ ದೂರು ಎನ್ನುವವರು ಕೋವಿನ್ ನೆನಪಿಸಿಕೊಳ್ಳಲಿ. ಲಸಿಕೆ ಅಭಿಯಾನ ಶುರುವಾದದ್ದು 2021ರ ಜನವರಿಯಲ್ಲಿ. ಆ ತಾಣಕ್ಕೆ ಕನ್ನಡ ಬಂದದ್ದು ಜೂನ್‌ನಲ್ಲಿ. 18ರಿಂದ 44 ವಯಸ್ಸಿನವರಿಗೆ ಮೊದಲಿಗೆ ಅಲ್ಲಿ ನೋಂದಾಯಿಸದೆ ಲಸಿಕೆಯೇ ಇರಲಿಲ್ಲ. ಅಂಧರು ಅದರ ಕ್ಯಾಪ್ಚಾ ದಾಟಲಾರರೆಂಬ ಸಂಗತಿಯನ್ನು ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟೇ ಎತ್ತಬೇಕಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಗಲೇ ಇತ್ತು. 2025ರ ಏಪ್ರಿಲ್ 30ರಂದು ಅದೇ ಕೋರ್ಟು ಡಿಜಿಟಲ್ ಸೇವೆ ಎಲ್ಲರ ಕೈಗೆಟುಕುವುದು ಬದುಕುವ ಹಕ್ಕಿನ ಭಾಗವೆಂದೂ ಹೇಳಿತು. ಕಾನೂನಿಗೆ ಬರವಿಲ್ಲ, ಬರ ಇರುವುದು ಮನಸ್ಸಿಗೆ.

‘ಹಳ್ಳಿಯವರು ವೆಬ್‌ಸೈಟ್ ನೋಡುತ್ತಾರಾ? ಆಶಾ ಕಾರ್ಯಕರ್ತೆಯರಿಲ್ಲವೇ?’ ಎನ್ನುತ್ತಾರೆ. ಆಶಾ ಅಕ್ಕನ ಕೈಯಲ್ಲಿರುವುದೂ ಮೊಬೈಲೇ. ಇನ್ನು ಹಳ್ಳಿಯವರು ವಾಟ್ಸಾಪ್ ನೋಡುತ್ತಾರಲ್ಲ! ಅಲ್ಲಿ ಸುಳ್ಳು ಮದ್ದು ಒಳ್ಳೆಯ ಕನ್ನಡದಲ್ಲಿ, ದನಿಯ ಸಮೇತ, ಒಂದೇ ಒತ್ತಿಗೆ ಸಿಗುತ್ತದೆ. ನಿಜ ಮಾತ್ರ ಪಿಡಿಎಫ್ ಒಳಗೆ ಬೀಗ ಹಾಕಿಕೊಂಡು ಕೂತಿರುತ್ತದೆ.

ಕನ್ನಡದಲ್ಲಿ ವೈದ್ಯ ವಿಚಾರ ಹೇಳುವುದು ಕಷ್ಟವೆಂಬ ಮಾತನ್ನಂತೂ ಸಾಹಿತ್ಯ ಓದುವ ನಾವು ಒಪ್ಪಬಾರದು. ವೈದ್ಯೆಯಾಗಿದ್ದ ಅನುಪಮಾ ನಿರಂಜನ ‘ತಾಯಿ-ಮಗು’ ಬರೆದರು. ವೈದ್ಯರೇ ಆಗಿದ್ದ ರಾಶಿ ‘ಮನೋನಂದನ’ ಬರೆದರು. ಅವರ ಕನ್ನಡ ಮನೆಮನೆಯೊಳಗೆ ಹೋಯಿತು. ‘ಲಕ್ಷಣರಹಿತ ಸೋಂಕಿತ ವ್ಯಕ್ತಿ’ ಎಂಬ ಕನ್ನಡ ಕಚೇರಿಯ ಹೊಸಿಲೂ ದಾಟುವುದಿಲ್ಲ.

ಬೇಕಾದದ್ದು ದೊಡ್ಡದೇನಲ್ಲ. ಯುನಿಕೋಡ್ ಅಕ್ಷರದಲ್ಲಿ ಪೂರ್ತಿ ಕನ್ನಡ. ಚಿತ್ರಗಳಿಗೆ ಮಾತಿನ ವಿವರಣೆ. ಓದಲಾಗದವರಿಗೆ ದನಿ. ದುರ್ಬಲ ನೆಟ್‌ವರ್ಕಿನಲ್ಲೂ ತೆರೆಯುವ ಹಗುರ ಪುಟ. ಮೇಲ್ಗಡೆ ದಪ್ಪಕ್ಷರದಲ್ಲಿ 104 ಸಹಾಯವಾಣಿ. ಪ್ರತಿ ಪುಟದಲ್ಲೂ ಬರೆದ ತಾರೀಖು.

ಆಮೇಲೆ ಒಂದು ಪರೀಕ್ಷೆ. ತಾಣವನ್ನು ಒಪ್ಪಿಕೊಳ್ಳುವ ಮೊದಲು ಅಧಿಕಾರಿಗಳು ಅದನ್ನು ಕಾಡಂಚಿನ ಒಂದು ಊರಿಗೆ ತರಲಿ. ಒಬ್ಬ ಆಶಾ ಕಾರ್ಯಕರ್ತೆ, ಒಬ್ಬ ಅಂಧ ವಿದ್ಯಾರ್ಥಿ, ತರಗೆಲೆ ಗುಡಿಸಲು ಕಾಡಿಗೆ ಹೋಗುವ ಒಬ್ಬ ಅಜ್ಜಿ, ಈ ಮೂವರಿಗೂ ಆ ಐದು ಸಾಲು ಸಿಗಬೇಕು. ಸಿಗದಿದ್ದರೆ ಬಿಲ್ಲು ಪಾಸಾಗಬಾರದು.