ಪ್ಯಾಡ್ ಅಂಟಿಸುವುದರಲ್ಲೇ ಕಳೆಯುವ ಸಮಯ



ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ತಪ್ಪಿರುವ ನಮ್ಮ ತಂದೆಯವರಿಗೆ ಫಿಸಿಯೋಥೆರಪಿಯಲ್ಲಿ ಬೆರಳು ಬಿಚ್ಚಿಸಲು ಸ್ನಾಯುಗಳಿಗೆ ವಿದ್ಯುತ್ ಪ್ರಚೋದನೆ ಕೊಡಿಸುತ್ತಿದ್ದೇವೆ. ಸಿಗುವುದು ಅರ್ಧ ಗಂಟೆ. ಮುಂಗೈ ಮೇಲೆ ಕರೆಂಟ್ ಹರಿಸುವ ಪ್ಯಾಡ್ ಅಂಟಿಸಿ, ಕರೆಂಟ್ ಹೆಚ್ಚು ಕಡಿಮೆ ಮಾಡಿ, ಬೆರಳು ಬಿಚ್ಚದೆ ಮಣಿಕಟ್ಟಷ್ಟೇ ಎದ್ದರೆ ಮತ್ತೆ ಕಿತ್ತು ಒಂದು ಬೆರಳಗಲ ಸರಿಸುವಷ್ಟರಲ್ಲಿ ಕಾಲು ಗಂಟೆ ಕಳೆದಿರುತ್ತದೆ. ಇದು ಸಿಬ್ಬಂದಿಯ ತಪ್ಪಲ್ಲ. ಕೈಯ ಬಿಗಿತ, ಊತ ಒಬ್ಬೊಬ್ಬ ರೋಗಿಗೆ ಒಂದೊಂದು ರೀತಿ. ಆದ್ದರಿಂದ ಮೊದಲ ಭೇಟಿಯಲ್ಲೇ ಇವನ್ನು ಗಮನಿಸಿ, ಸಿದ್ಧತೆಗೆ ಎಷ್ಟು ಹೊತ್ತು ಬೇಕೆಂದು ಅಂದಾಜಿಸಿ, ಅಷ್ಟು ಸಮಯವನ್ನು ಪ್ರತ್ಯೇಕವಾಗಿ ಕೊಡಲಿ. ಪ್ಯಾಡ್ ಸರಿಹೊಂದಿದ ಜಾಗದ ಫೋಟೊ, ಕರೆಂಟಿನ ಪ್ರಮಾಣ ರೋಗಿಯ ದಾಖಲೆಯಲ್ಲಿರಲಿ. ಮನೆಯವರಿಗೂ ಪ್ಯಾಡ್ ಅಂಟಿಸುವುದನ್ನು ಕಲಿಸಲಿ. ಆರೋಗ್ಯ ಇಲಾಖೆ ಈ ಬಗ್ಗೆ ಗಮನ ಹರಿಸಬೇಕೆಂದು ವಿನಂತಿ.

– ಓದುಗರೊಬ್ಬರು, ಮೈಸೂರು