ನಳಿಗೆ ನಮ್ಮ ಕೈಯಲ್ಲಿ, ಹೊಣೆ ಯಾರ ತಲೆಯ ಮೇಲೆ?

ಊರಿನಲ್ಲಿ ನಾವು ಬಂಕ್ ಎನ್ನುವುದನ್ನು ಇಲ್ಲಿ ಮುಂಬಯಿಯಲ್ಲಿ ಪಂಪ್ ಎನ್ನುತ್ತಾರೆ. ಹೆಸರು ಯಾವುದಾದರೇನು, ಗಾಡಿ ನಿಲ್ಲಿಸಿದೊಡನೆ ಹುಡುಗನೊಬ್ಬ ಬಂದು, ಸೊನ್ನೆ ತೋರಿಸಿ, ಪೆಟ್ರೋಲ್ ತುಂಬುತ್ತಾನೆ. ಆದರೆ ಅಮೆರಿಕಕ್ಕೆ ಮಗಳ ಬಾಣಂತನಕ್ಕೋ ಮಗನ ಗೃಹಪ್ರವೇಶಕ್ಕೋ ಹೋಗಿಬಂದ ನಮ್ಮ ಸಂಘದ ಹಿರಿಯರು ಬೇರೆಯೇ ಕಥೆ ಹೇಳುತ್ತಾರೆ. ಅಲ್ಲಿ ನಳಿಗೆ ಹಿಡಿಯುವವರು ಗಾಡಿಯ ಯಜಮಾನರೇ!

ಎಲ್ಲ ಸಂಸ್ಥಾನಗಳಲ್ಲಿಯೂ ಹೀಗಿಲ್ಲ. ಗಿರಾಕಿ ತಾನೇ ಪೆಟ್ರೋಲ್ ತುಂಬಿಕೊಳ್ಳಕೂಡದೆಂದು ನ್ಯೂ ಜೆರ್ಸಿ 1949ರಲ್ಲಿಯೇ ಶಾಸನ ಮಾಡಿತು. ಬೆಂಕಿಯ ಅಪಾಯವು ಆ ಶಾಸನ ಕೊಡುವ ಕಾರಣಗಳಲ್ಲೊಂದು. 1951ರಲ್ಲಿ ಅದೇ ಹಾದಿ ಹಿಡಿದ ಆರೆಗಾನ್, 2023ರಲ್ಲಿ ಕಟ್ಟು ಸಡಿಲಿಸಿತು. ನ್ಯೂ ಜೆರ್ಸಿ ಮಾತ್ರ ಪಟ್ಟು ಬಿಟ್ಟಿಲ್ಲ.

ಆ ಭಯ ಸುಳ್ಳಲ್ಲ. ಪೆಟ್ರೋಲಿನಲ್ಲಿ ಉರಿಯುವುದು ಅದರ ಆವಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ, ಕಿಡಿ ತಾಗಿದರೆ ಹತ್ತಿಕೊಳ್ಳುವಷ್ಟು ಆವಿ ಏಳುತ್ತದೆ. ಗಾಳಿಗಿಂತ ಭಾರವಾದುದರಿಂದ ಅದು ಕಣ್ಣಿಗೆ ಕಾಣದೆ ನೆಲದುದ್ದಕ್ಕೂ ಹರಡುತ್ತದೆ. ಚಳಿಗಾಲದ ಒಣಹವೆಯಲ್ಲಿ ಗಿರಾಕಿ ನಳಿಗೆಯನ್ನು ಸಿಕ್ಕಿಸಿ, ಬೆಚ್ಚಗಿರಲೆಂದು ಕಾರಿನೊಳಗೆ ಕುಳಿತು, ಮತ್ತೆ ಇಳಿಯುತ್ತಾನೆ. ಉಣ್ಣೆಯ ಬಟ್ಟೆ ಆಸನಕ್ಕೆ ಉಜ್ಜಿ ಮೈಯಲ್ಲಿ ವಿದ್ಯುತ್ತು ಸೇರಿರುತ್ತದೆ. ಕೈ ನಳಿಗೆಯ ಬಳಿಗೆ ಹೋದಾಗ ಕಿಡಿ ಹಾರಿದರೆ ಆವಿ ಭಗ್ಗೆನ್ನುತ್ತದೆ. ಗಾಬರಿಯಿಂದ ನಳಿಗೆಯನ್ನು ಹೊರಕ್ಕೆಳೆದರೆ ಉರಿಯುವ ಪೆಟ್ರೋಲ್ ಸುತ್ತಲೂ ಚೆಲ್ಲುತ್ತದೆ.

ಉಪಾಯ ಸುಲಭವಾದದ್ದೇ. ತುಂಬುವಾಗ ಒಳಗೆ ಹೋಗಿ ಕೂರಬಾರದು. ಕೂತಿದ್ದರೆ, ನಳಿಗೆಯಿಂದ ದೂರದಲ್ಲಿ ಕಾರಿನ ಲೋಹವನ್ನೊಮ್ಮೆ ಬರಿಗೈಯಲ್ಲಿ ಮುಟ್ಟಬೇಕು. ಡಬ್ಬಿಗೆ ತುಂಬುವುದಾದರೆ ಅದನ್ನು ನೆಲದ ಮೇಲೆ ಇಡಬೇಕು. ಬೆಂಕಿ ಹೊತ್ತಿದರೆ ನಳಿಗೆಯನ್ನು ಇದ್ದಲ್ಲಿಯೇ ಬಿಟ್ಟು ದೂರ ಓಡಿ, ಅಂಗಡಿಯವನಿಗೆ ಕೂಗಿ ಹೇಳಬೇಕು.

ಇನ್ನು ಹೊಣೆಯ ಮಾತು. ಕೊಳವೆ ಸೋರಿದರೆ, ಯಂತ್ರ ಕೆಟ್ಟಿದ್ದರೆ ಪಂಪಿನವರು ಉತ್ತರ ಹೇಳಬೇಕು. ಗಿರಾಕಿಯೇ ಸಿಗರೇಟು ಹಚ್ಚಿದ್ದರೆ? ಅಮೆರಿಕದ ಬಹುಪಾಲು ಸಂಸ್ಥಾನಗಳಲ್ಲಿ, ಅವನ ತಪ್ಪಿನ ಪಾಲಿನಷ್ಟು ಪರಿಹಾರವನ್ನು ಕಡಿತ ಮಾಡುತ್ತಾರೆ. ಆಳಿನ ಸಂಬಳ ಉಳಿಸಿದ ವ್ಯವಸ್ಥೆಯು ಹೊಣೆಯ ಒಂದು ಭಾಗವನ್ನೂ ಗಿರಾಕಿಯ ಹೆಗಲಿಗೆ ದಾಟಿಸಿತೆಂದು ನಮಗೆ ತೋರುತ್ತದೆ.

ನಮ್ಮ ದೇಶದ ನ್ಯಾಯ ಬೇರೆ ದಿಕ್ಕಿನಲ್ಲಿ ಬೆಳೆದಿದೆ. 1985ರ ದೆಹಲಿಯ ಆಮ್ಲಾನಿಲ ಸೋರಿಕೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಪಾಯಕಾರಿ ಉದ್ಯಮ ನಡೆಸುವವನು ತನ್ನ ತಪ್ಪಿಲ್ಲವೆಂದು ನುಣುಚಿಕೊಳ್ಳಲಾರನೆಂದು 1986ರ ಡಿಸೆಂಬರಿನಲ್ಲಿ ಸಾರಿತು.

ಇನ್ನೊಂದು ತೀರ್ಪು ನಮ್ಮವರು ಊರಿಗೆ ಹೋಗಿಬರುವ ದಾರಿಗೇ ಸೇರಿದ್ದು. 1987ರ ಅಕ್ಟೋಬರ್ 29ರ ನಸುಕಿನಲ್ಲಿ, ಸಾತಾರಾ ಜಿಲ್ಲೆಯಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಪೆಟ್ರೋಲ್ ಟ್ಯಾಂಕರೊಂದು ಲಾರಿಗೆ ತಗುಲಿ, ರಸ್ತೆಯ ಪಕ್ಕಕ್ಕೆ ಉರುಳಿತು. ಪೆಟ್ರೋಲ್ ಸೋರಿತು, ಜನ ಸೇರಿದರು. ಸುಮಾರು ನಾಲ್ಕು ಗಂಟೆಯ ಮೇಲೆ ಸ್ಫೋಟವಾಗಿ, ನೆರೆದವರಲ್ಲಿ ಹಲವರು ಸುಟ್ಟುಹೋದರು. ಉರುಳಿ ಬಿದ್ದ ಗಾಡಿ 'ಉಪಯೋಗ'ದಲ್ಲಿರಲಿಲ್ಲ, ಆದುದರಿಂದ ಪರಿಹಾರ ಸಲ್ಲದು ಎಂಬ ವಾದ ಹುಟ್ಟಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿ, ತಪ್ಪು ಯಾರದೆಂದು ಕೇಳದೆ ಕೊಡುವ ಪರಿಹಾರಕ್ಕೆ ಸತ್ತವರ ಮನೆಯವರು ಅರ್ಹರೆಂದಿತು.

ಪರಿಹಾರ ಬಂದೀತು, ಹೋದ ಜೀವ ಬಂದೀತೇ? ಬೆಂಕಿ ಬಿದ್ದ ಮೇಲೆ ಬಾವಿ ತೋಡಿ ಪ್ರಯೋಜನವಿಲ್ಲ. ಉರುಳಿದ ಟ್ಯಾಂಕರಿನ ಹತ್ತಿರ ಕೊಡಪಾನ ಹಿಡಿದು ಹೋಗುವುದಿರಲಿ, ನೋಡಲಿಕ್ಕೂ ನಿಲ್ಲಬಾರದು. ನಮ್ಮ ಪಂಪಿನಲ್ಲಿ ಎಂಜಿನ್ ಆರಿಸೋಣ, ಮಕ್ಕಳನ್ನು ದೂರ ನಿಲ್ಲಿಸೋಣ. ದಿನವಿಡೀ ಬೆನ್ಜೀನ್ ಬೆರೆತ ಆ ಆವಿಯನ್ನೇ ಉಸಿರಾಡುವ ಹುಡುಗನನ್ನು ಅವಸರಪಡಿಸದಿರೋಣ. ಕಡಲಾಚೆಯ ಮಕ್ಕಳಿಗೆ ಮುಂದಿನ ಭಾನುವಾರ ಫೋನ್ ಮಾಡಿದಾಗ, ಊಟ ಆಯಿತೇ ಎಂದು ಕೇಳಿದ ಮೇಲೆ, ನಳಿಗೆ ಮುಟ್ಟುವ ಮೊದಲು ಕಾರಿನ ಲೋಹ ಮುಟ್ಟುವುದನ್ನೂ ನೆನಪಿಸಿ.