ಕಡತ ಕಳೆದವರು ಯಾರು, ದಂಡ ತೆರುವವರು ಯಾರು?

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಒಂದು ಸರಕಾರಿ ಸುತ್ತೋಲೆ ಇದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಸುತ್ತೋಲೆಯದು. ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ಬರುವ ಪತ್ರದಲ್ಲಿ ಏನೇನು ಇರಬೇಕೋ ಅವೆಲ್ಲವೂ ಅದರಲ್ಲಿವೆ. ಮೊದಲು ಕುಶಲ ವಿಚಾರಣೆ, ಬಳಿಕ ಚಕ್ರವರ್ತಿಯ ಆಜ್ಞೆ, ಕೊನೆಯಲ್ಲಿ ಅದನ್ನು ಬರೆದ ಗುಮಾಸ್ತನ ಹೆಸರು. ಆತನ ಹೆಸರು ಚಪಡ. ಅಶೋಕನ ಈ ಆಜ್ಞೆ ಬಂಡೆಗೆ ಏರಿ 2200 ವರ್ಷಗಳು ದಾಟಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇದನ್ನು ಪತ್ತೆ ಹಚ್ಚುವವರೆಗೆ ಆ ಲಿಪಿಯನ್ನು ಓದಬಲ್ಲವರು ಸುತ್ತಲಿನ ಊರುಗಳಲ್ಲಿ ಒಬ್ಬರೂ ಇರಲಿಲ್ಲ. ಆದರೂ ಜನರು ಅದನ್ನು 'ಅಕ್ಷರ ಗುಂಡು' ಎಂದು ಕರೆದು ಗೌರವದಿಂದ ಉಳಿಸಿಕೊಂಡು ಬಂದರು. ಅದೇ ಒಕ್ಕಣೆಯ ಇನ್ನೆರಡು ಪ್ರತಿಗಳು ಹತ್ತಿರದ ಸಿದ್ದಾಪುರದಲ್ಲಿಯೂ ಜಟಿಂಗ ರಾಮೇಶ್ವರದಲ್ಲಿಯೂ ಇವೆ. ಜಟಿಂಗ ರಾಮೇಶ್ವರದ ಪ್ರತಿ ಬಹಳಷ್ಟು ಸವೆದಿದೆ. ಜಾತ್ರೆಯಲ್ಲಿ ಬಳೆಗಾರರು ಆ ಬಂಡೆಯ ಮೇಲೆಯೇ ಅಂಗಡಿ ಹೂಡುತ್ತಿದ್ದರು. ಅಲ್ಲಿ ಯಾರಿಗೂ ದುರುದ್ದೇಶವಿರಲಿಲ್ಲ. ನೋಡಿಕೊಳ್ಳುವವರಿರಲಿಲ್ಲ, ಅಷ್ಟೆ.

ಇದೇ ಸೀಮೆಯ ಓರ್ವ ನೇಕಾರ ಸಹೋದರರು ಕೆಲವು ವರ್ಷಗಳ ಹಿಂದೆ ನಮ್ಮ ಬಳಿಗೆ ಒಂದು ಕಾಗದ ಹಿಡಿದು ಬಂದಿದ್ದರು. ಪಾಸ್‌ಪೋರ್ಟಿಗಾಗಿ ತಮ್ಮ ಜನನ ಪ್ರಮಾಣ ಪತ್ರ ಕೇಳಿ ಅರ್ಜಿ ಹಾಕಿದ್ದರು. ಹುಟ್ಟಿದ್ದು 1978ರಲ್ಲಿ. ಜನರು ಆಗಲೂ ಶಾನುಭೋಗರೆಂದೇ ಕರೆಯುತ್ತಿದ್ದ ಗ್ರಾಮ ಲೆಕ್ಕಿಗರು ಮನೆಯ ಜಗುಲಿಯ ಮೇಲೆ ಕುಳಿತು ವಹಿಯಲ್ಲಿ ಮಗುವಿನ ಹೆಸರು ಬರೆದುಕೊಂಡದ್ದು ಅವರ ತಾಯಿಗೆ ಚೆನ್ನಾಗಿ ನೆನಪಿತ್ತು. ಕಚೇರಿಯಿಂದ ಬಂದ ಹಿಂಬರಹದಲ್ಲಿ ಇದ್ದದ್ದು ಎರಡೇ ಸಾಲು. ಸದರಿ ಸಾಲಿನ ವಹಿಯು ಶಿಥಿಲಗೊಂಡಿರುವುದರಿಂದ ದಾಖಲೆ ಲಭ್ಯವಿರುವುದಿಲ್ಲ, ಆದ್ದರಿಂದ ಅರ್ಜಿಯನ್ನು ವಿಲೇ ಮಾಡಲಾಗಿದೆ. ಆ ಕಚೇರಿಯ ಹೆಸರನ್ನು ನಾವು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಉಳಿದ ಕಚೇರಿಗಳು ತಾವು ಪಾರಾದೆವೆಂದು ಭಾವಿಸಿಕೊಳ್ಳುತ್ತವೆ.

ಆ ಸಹೋದರರು ಮುಂದೇನು ಮಾಡಬೇಕಾಯಿತು? ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣ ಪತ್ರವನ್ನೇ ಆಧಾರವಾಗಿಟ್ಟುಕೊಂಡು ವಿಳಂಬ ನೋಂದಣಿಗಾಗಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ವಕೀಲರ ಶುಲ್ಕ, ಸಾಕ್ಷಿಗಳ ಬಸ್ ಚಾರ್ಜು, ಮಗ್ಗ ನಿಂತ ದಿನಗಳ ಕೂಲಿ ನಷ್ಟ ಎಲ್ಲವೂ ಅವರ ತಲೆಗೇ ಬಂತು. ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ವಿಳಂಬ ನೋಂದಣಿ ಎಂಬುದು ಮಗು ಹುಟ್ಟಿದ್ದನ್ನು ಸಕಾಲದಲ್ಲಿ ತಿಳಿಸದೆ ಸುಮ್ಮನಿದ್ದ ತಂದೆಯಂದಿರಿಗಾಗಿ 1969ರ ಜನನ ಮರಣ ನೋಂದಣಿ ಕಾಯಿದೆಯಲ್ಲಿ ಇಟ್ಟ ದಾರಿ. ಈ ತಂದೆ ತಿಳಿಸಿದ್ದರು. ವಹಿ ಕಳೆದದ್ದು ಕಚೇರಿ. ಆದರೆ ಕಾಗದದಲ್ಲಿ ತಪ್ಪಿತಸ್ಥರಾದವರು ತೀರಿಹೋದ ಆ ತಂದೆ. ಕಚೇರಿಯ ನಿರ್ಲಕ್ಷ್ಯವು ಒಂದು ಮೊಹರಿನ ಬಲದಿಂದ ಪ್ರಜೆಯ ಅಪರಾಧವಾಗಿ ಮಾರ್ಪಡುವ ಈ ಚಮತ್ಕಾರವನ್ನು ಯಾವ ಕಾಯಿದೆಯೂ ಹೇಳಿಕೊಟ್ಟಿಲ್ಲ.

ಕಾಯಿದೆ ಹೇಳುವುದು ಇದಕ್ಕೆ ತದ್ವಿರುದ್ಧವಾಗಿದೆ. 2005ರ ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೆಯ ಪ್ರಕರಣವು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಪಟ್ಟಿ ಮತ್ತು ಸೂಚಿಯೊಂದಿಗೆ ಕಾಪಾಡಬೇಕೆಂದು ಆಜ್ಞಾಪಿಸುತ್ತದೆ. ಕಡತ ಸಿಗುತ್ತಿಲ್ಲ ಎಂಬುದು ಮಾಹಿತಿ ನಿರಾಕರಿಸಲು ಕಾರಣವಾಗಲಾರದು, ಹುಡುಕಲು ಪ್ರಾಮಾಣಿಕ ಪ್ರಯತ್ನ ನಡೆಯಬೇಕು, ಕಳೆದದ್ದಾದರೆ ಹೊಣೆ ಯಾರದೆಂದು ವಿಚಾರಣೆಯಾಗಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿತು. ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯು ನಿಯಮ ಮೀರಿ ದಾಖಲೆ ನಾಶ ಮಾಡಿದವರಿಗೆ ಐದು ವರ್ಷಗಳ ತನಕ ಸೆರೆವಾಸ ವಿಧಿಸುತ್ತದೆ. (1892ಕ್ಕಿಂತ ಹಿಂದಿನ ದಾಖಲೆಗಳನ್ನು, ಬಳಸಲಾಗದಷ್ಟು ಹಾಳಾಗದ ಹೊರತು, ನಾಶ ಮಾಡುವಂತಿಲ್ಲವೆಂದೂ ಅದು ಹೇಳುತ್ತದೆ. ಬ್ರಹ್ಮಗಿರಿಯ ಶಾಸನ ಪತ್ತೆಯಾದ ವರ್ಷವೂ ಅದೇ ಆಗಿರುವುದು ಕೇವಲ ಕಾಕತಾಳೀಯ.) ನಮ್ಮ ರಾಜ್ಯಕ್ಕೂ 2010ರ ಸಾರ್ವಜನಿಕ ದಾಖಲೆಗಳ ಅಧಿನಿಯಮವಿದೆ. ಕಡತಗಳನ್ನು ಎ, ಬಿ, ಸಿ, ಡಿ, ಇ ಎಂದು ವರ್ಗೀಕರಿಸಿ, ಎ ವರ್ಗವನ್ನು ಶಾಶ್ವತವಾಗಿ, ಬಿ ವರ್ಗವನ್ನು 30 ವರ್ಷ, ಸಿ ವರ್ಗವನ್ನು 10 ವರ್ಷ ಉಳಿಸಬೇಕೆಂಬ ಪದ್ಧತಿ ಕಚೇರಿಗಳಿಗೆ ಹೊಸತೇನಲ್ಲ. ಕಾನೂನಿಗೆ ಬರಗಾಲವಿಲ್ಲ. ಬರಗಾಲವಿರುವುದು ಕಪಾಟಿಗೆ, ಬೀಗಕ್ಕೆ, ಗೆದ್ದಲಿನ ಔಷಧಿಗೆ ಮತ್ತು ಅಭಿಲೇಖಾಲಯವನ್ನು ಶಿಕ್ಷೆಯ ಜಾಗವೆಂದು ಭಾವಿಸದ ಒಬ್ಬ ನೌಕರನಿಗೆ. ತಾಲೂಕು ಕಚೇರಿಗಳ ಒಳಗೆ ಒಮ್ಮೆ ಇಣುಕಿ ನೋಡಿದವರಿಗೆ ಇದು ಗೊತ್ತು. ಮುರಿದ ಕುರ್ಚಿ, ಚುನಾವಣೆಯ ಖಾಲಿ ಪೆಟ್ಟಿಗೆ, ಕೆಟ್ಟ ಕಂಪ್ಯೂಟರ್, ಇವುಗಳ ಅಡಿಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಗಂಟುಗಳು. ಮಳೆಗಾಲದಲ್ಲಿ ಸೋರುವ ಕೊಠಡಿ ಯಾವುದೋ ಅದೇ ಅಭಿಲೇಖಾಲಯ!

ಇದು ಕಚೇರಿಯ ಶಿಸ್ತಿಗೆ ಸಂಬಂಧಿಸಿದ ಚಿಕ್ಕ ವಿಷಯವೆಂದು ಯಾರಾದರೂ ಭಾವಿಸಿದ್ದರೆ ಅವರು ಅಸ್ಸಾಮಿನತ್ತ ನೋಡಲಿ. 2019ರ ಆಗಸ್ಟ್ 31ರಂದು ಪ್ರಕಟವಾದ ಅಂತಿಮ ಪೌರತ್ವ ಪಟ್ಟಿಯಿಂದ 19,06,657 ಮಂದಿ ಹೊರಗುಳಿದರು. ಅಲ್ಲಿ ಜನರನ್ನು ಕೇಳಿದ್ದು 1971ರ ಮಾರ್ಚ್ 24ರ ಹಿಂದಿನ ಕಾಗದ. ಮದುವೆಯಾಗಿ ಬೇರೆ ಊರಿಗೆ ಹೋದ ಲಕ್ಷಾಂತರ ಬಡ ಮಹಿಳೆಯರ ಬಳಿ ತಂದೆಯೊಂದಿಗೆ ತಮ್ಮನ್ನು ಜೋಡಿಸುವ ಒಂದೇ ಒಂದು ಕಾಗದವಿತ್ತು, ಗ್ರಾಮ ಪಂಚಾಯತ್ ಕಾರ್ಯದರ್ಶಿಯ ಪ್ರಮಾಣ ಪತ್ರ. ಗೌಹಾತಿ ಹೈಕೋರ್ಟ್ 2017ರಲ್ಲಿ ಅದು ಆಧಾರವಾಗದೆಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಮ್ ಕೋರ್ಟ್, ಪರಿಶೀಲನೆಗೆ ಒಳಪಟ್ಟು ಅದನ್ನು ಒಪ್ಪಬಹುದೆಂದಿತು. ಪರಿಶೀಲಿಸುವುದು ಯಾವುದರಿಂದ? ಪಂಚಾಯತಿನ ವಹಿಯಿಂದ. ವಹಿ ಉಳಿದಿದ್ದರೆ ಪ್ರಜೆ, ಗೆದ್ದಲು ತಿಂದಿದ್ದರೆ ಪರದೇಶಿ. ಬಿಹಾರದಲ್ಲಿ 2025ರಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ನಡೆದಾಗಲೂ 2003ರ ಪಟ್ಟಿಯಲ್ಲಿ ಹೆಸರಿಲ್ಲದವರು ಕಾಗದಕ್ಕಾಗಿ ಅಲೆದಾಡಿದರು. ಪ್ರಜೆಯಿಂದ ಕಾಗದ ಕೇಳುವ ಸರಕಾರವು ತನ್ನ ಪಾಲಿನ ಕಾಗದವನ್ನು ಮೊದಲು ತೋರಿಸಲಿ ಎಂದು ಕೇಳುವ ಹಕ್ಕು ನಮಗಿಲ್ಲವೇ?

ದಾಖಲೆ ಇದ್ದೂ ಜನರ ಕಣ್ಣಿಗೆ ಬೀಳದಿರುವುದು ಇನ್ನೊಂದು ರೋಗ. ನೆರೆಯ ಚಳ್ಳಕೆರೆಯ ಅಮೃತ ಮಹಲ್ ಕಾವಲನ್ನು ನೆನಪಿಸಿಕೊಳ್ಳಿ. ಮೈಸೂರು ಅರಸರ ಬೆಣ್ಣೆ ಚಾವಡಿಗೆ ಅಮೃತ ಮಹಲ್ ಎಂಬ ಹೆಸರಿಟ್ಟವರು ಟಿಪ್ಪು ಸುಲ್ತಾನರು. ಅಲ್ಲಿ ತಲೆಮಾರುಗಳಿಂದ ಕುರಿ, ದನ ಮೇಯಿಸುತ್ತಿದ್ದವರಿಗೆ ಡಿಆರ್‌ಡಿಒಗೆ 4,290 ಎಕರೆ, ಬಿಎಆರ್‌ಸಿಗೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಹಂಚಿಕೆಯಾದ ಸಂಗತಿ ಸರಿಯಾಗಿ ಮನದಟ್ಟಾದದ್ದು ಗೋಡೆಗಳು ಎದ್ದ ಮೇಲೆ. ಕಡತ ಮೇಜಿನಿಂದ ಮೇಜಿಗೆ ಸುರಕ್ಷಿತವಾಗಿಯೇ ಓಡಾಡಿತ್ತು. ಅಧಿಕಾರಸ್ಥರಿಗೆ ಬೇಕಾದ ಕಡತಕ್ಕೆ ಗೆದ್ದಲು ಹಿಡಿದದ್ದನ್ನು ನಾವಂತೂ ಕೇಳಿಲ್ಲ.

ಈ ಮಾತನ್ನು ಇಷ್ಟಕ್ಕೇ ನಿಲ್ಲಿಸಿದರೆ ನಾವು ಅರ್ಧ ಸತ್ಯ ಹೇಳಿದಂತಾಗುತ್ತದೆ. 2024ರ ಕೊನೆಯಲ್ಲಿ ವಿಜಯಪುರ ಜಿಲ್ಲೆಯ ಹೊನವಾಡದಲ್ಲಿ ಏನಾಯಿತು? ಸುಮಾರು 1,200 ಎಕರೆ ರೈತರ ಭೂಮಿ ವಕ್ಫ್ ಪಾಲಾಗುತ್ತಿದೆಯೆಂದು ರಾಜ್ಯವಿಡೀ ಹೊತ್ತಿ ಉರಿಯಿತು. ಉಪಚುನಾವಣೆಗಳ ಹೊತ್ತು ಬೇರೆ. ಕೊನೆಗೆ ಜಿಲ್ಲಾ ಉಸ್ತುವಾರಿ ಸಚಿವರಾಗಿದ್ದ ಎಂ. ಬಿ. ಪಾಟೀಲರು ಕೊಟ್ಟ ವಿವರಣೆಯೆಂದರೆ, 1974ರ ರಾಜ್ಯಪತ್ರದ ಅಧಿಸೂಚನೆಯಲ್ಲಿ ಮಹಾಲ್ ಬಾಗಾಯತಿನ ಜೊತೆ ಹೊನವಾಡದ ಹೆಸರು ತಪ್ಪಾಗಿ ಸೇರಿತ್ತು, 1977ರಲ್ಲಿ ಅದನ್ನು ತಿದ್ದಲಾಗಿತ್ತು, ಅಲ್ಲಿರುವ ವಕ್ಫ್ ಜಮೀನು 11 ಎಕರೆ ಮಾತ್ರ. ಮುಖ್ಯಮಂತ್ರಿ ಸಿದ್ದರಾಮಯ್ಯನವರು ರೈತರಿಗೆ ಕೊಟ್ಟ ನೋಟಿಸುಗಳನ್ನು ಹಿಂಪಡೆಯಲು ಆದೇಶಿಸಿದರು. ತಪ್ಪು ಬರೆದ ಕಾಗದ ಉಳಿಯಿತು, ಅದನ್ನು ತಿದ್ದಿದ ಕಾಗದ ಯಾರ ಕಣ್ಣಿಗೂ ಬೀಳಲಿಲ್ಲ. ಅದರ ಬೆಲೆಯನ್ನು ಒಂದು ಕಡೆ ನಿದ್ದೆಗೆಟ್ಟ ರೈತರು ತೆತ್ತರು, ಇನ್ನೊಂದು ಕಡೆ ಭೂಗಳ್ಳರೆಂಬ ಬೈಗುಳ ತಿಂದ ಮುಸ್ಲಿಮರು ತೆತ್ತರು. ಎರಡೂ ಕಾಗದಗಳನ್ನು ಒಂದೇ ಕಡತದಲ್ಲಿ ಇಟ್ಟಿದ್ದರೆ ಸಾಕಿತ್ತು. ರೈತ ಮತ್ತು ಮುತವಲ್ಲಿ ಈ ವಿಷಯದಲ್ಲಿ ಎದುರಾಳಿಗಳಲ್ಲ, ಒಂದೇ ಸೋರುವ ಕೊಠಡಿಯ ಇಬ್ಬರು ಸಂತ್ರಸ್ತರು. ಹಳೆ ಮೈಸೂರಿನ ಪಹಣಿಗಳಲ್ಲಿ ಓಬಣ್ಣನ ತಂದೆ ತಿಪ್ಪಯ್ಯನೆಂಬುದನ್ನು ಇಂದಿಗೂ 'ಓಬಣ್ಣ ಬಿನ್ ತಿಪ್ಪಯ್ಯ' ಎಂದೇ ಬರೆಯುತ್ತಾರೆ. ಆ 'ಬಿನ್' ಅರಬಿ ಪದವೆಂದು ಓಬಣ್ಣನಿಗೂ ತೋಚುವುದಿಲ್ಲ, ಬರೆಯುವವರಿಗೂ ತೋಚುವುದಿಲ್ಲ. ದಫ್ತರ, ನಕಲು, ಜಮಾಬಂದಿ, ತಹಶೀಲ್ದಾರ ಎಲ್ಲವೂ ಹಾಗೆಯೇ. ಕಾಗದದ ಮೇಲೆ ಇಷ್ಟು ಹತ್ತಿರವಿದ್ದವರನ್ನು ಕಾಗದ ಕಳೆದವರು ದೂರ ಮಾಡಿದರು.

ಇನ್ನು ನಮ್ಮ ಮನೆಯೊಳಗಿನ ಮಾತು. ಸರಕಾರದ ಗೆದ್ದಲನ್ನು ದೂರುವ ನಮ್ಮ ಮಸೀದಿ ಕಮಿಟಿಗಳ ತಗಡಿನ ಪೆಟ್ಟಿಗೆಗಳಲ್ಲಿ ಏನಿದೆ? ಹಲವೆಡೆ ಪೆಟ್ಟಿಗೆಯೇ ಇಲ್ಲ. ಹಿಂದಿನ ಮುತವಲ್ಲಿ ಅಧಿಕಾರ ಬಿಡುವಾಗ ಮುನಿಸಿಕೊಂಡು ಕಾಗದಗಳನ್ನು ಮನೆಗೆ ಒಯ್ದರು, ಅವರ ಮಕ್ಕಳು ಮನೆ ಕೆಡವಿ ಕಟ್ಟುವಾಗ ಅವು ಎಲ್ಲಿ ಹೋದವೋ ತಿಳಿಯದು. ಹಳೆ ಮೈಸೂರಿನಲ್ಲಿ ಮಸೀದಿ ದರ್ಗಾಗಳ ತಸ್ತೀಕಿನ ಲೆಕ್ಕ ಮುಜರಾಯಿ ಕಡತಗಳಲ್ಲಿ ಇದ್ದುದನ್ನೂ, 1955ರ ಧಾರ್ಮಿಕ ಇನಾಮು ರದ್ದತಿ ಕಾಯಿದೆಯ ಕಾಲದಲ್ಲಿ ಜಮೀನುಗಳ ಪಟ್ಟಿಯಾದುದನ್ನೂ ಇಂದಿನ ಎಷ್ಟು ಕಮಿಟಿಗಳು ಬಲ್ಲವು? ಅದರ ದೃಢೀಕೃತ ನಕಲು ಎಷ್ಟು ಕಮಿಟಿಗಳ ಬಳಿ ಇದೆ? 2025ರ ವಕ್ಫ್ ತಿದ್ದುಪಡಿ ಕಾಯಿದೆಯು, ತಲೆಮಾರುಗಳ ಬಳಕೆಯಿಂದಲೇ ವಕ್ಫ್ ಎನಿಸಿಕೊಳ್ಳುತ್ತಿದ್ದ ಕಬರಸ್ಥಾನ, ಈದ್ಗಾಗಳಿಗೆ ಮುಂದೆ ಆ ಮಾನ್ಯತೆ ಇಲ್ಲವೆಂದಿತು. ಮೊದಲೇ ನೋಂದಣಿಯಾದವು ಮಾತ್ರ ಉಳಿಯುತ್ತವೆ, ಅವೂ ವಿವಾದದಲ್ಲಿರಬಾರದು, ಸರಕಾರಿ ಜಮೀನಾಗಿರಬಾರದು. ಈ ಕಾಯಿದೆ ಅನ್ಯಾಯದ್ದೆಂಬ ನಮ್ಮ ನಿಲುವಿನಲ್ಲಿ ಬದಲಾವಣೆಯಿಲ್ಲ. ಆದರೆ 2025ರ ಸೆಪ್ಟೆಂಬರ್ 15ರ ಮಧ್ಯಂತರ ಆದೇಶದಲ್ಲಿ ಸುಪ್ರೀಮ್ ಕೋರ್ಟ್, ನೋಂದಣಿಯ ನಿಯಮ ಹೊಸತಲ್ಲ, 1923ರಿಂದಲೂ ಇದೆ ಎಂದು ನೆನಪಿಸಿದಾಗ ನಮ್ಮಲ್ಲಿ ಎಷ್ಟು ಮಂದಿಗೆ ಉತ್ತರವಿತ್ತು? ಆ ವರ್ಷ ಜೂನ್ 6ರಂದು ತೆರೆದ ಉಮೀದ್ ಪೋರ್ಟಲ್‌ಗೆ ವಿವರ ಏರಿಸಲು ಆರು ತಿಂಗಳ ಗಡುವಿತ್ತು. ಕೊನೆಯ ವಾರದಲ್ಲಿ ಕಮಿಟಿಗಳು ಸೈಬರ್ ಅಂಗಡಿಗಳ ಮುಂದೆ ಸಾಲುಗಟ್ಟಿದವು. ಡಿಸೆಂಬರ್ 1ರಂದು ನ್ಯಾಯಾಲಯ ಗಡುವು ವಿಸ್ತರಿಸಲು ಒಪ್ಪದೆ, ಕಷ್ಟವಿದ್ದವರು ನ್ಯಾಯಮಂಡಳಿಗೆ ಹೋಗಲಿ ಎಂದಿತು. ಅಂಗಡಿ ಬಾಡಿಗೆ ವಸೂಲಿಗೆ ತೋರುವ ಚುರುಕನ್ನು ನಾವು ಒಂದು ವಹಿ ಬರೆಯಲು ತೋರಿದ್ದರೆ ಈ ದುರವಸ್ಥೆ ಬರುತ್ತಿರಲಿಲ್ಲ.

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದರ ಕುರಿತಾಗಿದೆಯೆಂದು ಮದ್ರಸದ ಮಕ್ಕಳನ್ನು ಕೇಳಿ. ಅಲ್ ಬಕರ ಅಧ್ಯಾಯದ 282ನೆಯ ಆ ಸೂಕ್ತವಿರುವುದು ನಮಾಝಿನ ಬಗ್ಗೆ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಸಾಲದ ಪತ್ರ ಬರೆಯುವುದರ ಬಗ್ಗೆ. ವಾಯಿದೆಯ ವ್ಯವಹಾರವನ್ನು ಬರೆದಿಡಬೇಕು, ಬರೆಯಬಲ್ಲವನು ಒಲ್ಲೆನೆನ್ನಬಾರದು, ಮೊತ್ತ ಸಣ್ಣದೆಂದು ಉದಾಸೀನ ಮಾಡಬಾರದು, ಬರೆದವನಿಗೂ ಸಾಕ್ಷಿಗೂ ತೊಂದರೆ ಕೊಡಬಾರದು ಎಂಬಷ್ಟು ವಿವರವಾಗಿ ಅಲ್ಲಿ ಆದೇಶಗಳಿವೆ. ಖಲೀಫ ಉಮರ್(ರ) ದೀವಾನ್ ಎಂಬ ನೋಂದಣಿ ವಹಿಯನ್ನು ತೆರೆದರು. ಅದರಲ್ಲಿ ಜನರ ಹೆಸರು ಬರೆದದ್ದು ಖಜಾನೆಯಿಂದ ಅವರವರ ಪಾಲನ್ನು ಅವರಿಗೆ ತಲುಪಿಸುವುದಕ್ಕಾಗಿ. ವಹಿ ಇರಬೇಕಾದದ್ದು ಕೊಡುವುದಕ್ಕೆ. ನಮ್ಮ ಕಾಲದಲ್ಲಿ ಅದು ಹೊರಹಾಕುವುದಕ್ಕೆ ಬಳಕೆಯಾಗುತ್ತಿದೆ.

ಸಿಬ್ಬಂದಿ ಇಲ್ಲ, ಜಾಗವಿಲ್ಲ ಎಂಬ ಅಧಿಕಾರಿಗಳ ಉತ್ತರ ನಮಗೆ ಗೊತ್ತಿರುವಂಥದೇ. ಅದರಲ್ಲಿ ಸತ್ಯವೂ ಇದೆ. ಒಬ್ಬರೇ ಗುಮಾಸ್ತರ ಮೇಲೆ ನೂರಾರು ಗ್ರಾಮಗಳ ಗಂಟು ಹೊರಿಸಿ ಅವರನ್ನೇ ದೂರುವುದು ನ್ಯಾಯವಲ್ಲ. ಇನ್ನು ಕಂಪ್ಯೂಟರಿನ ಮಾತು. ರಾಜ್ಯ ಸರಕಾರವು 2024ರಲ್ಲಿ ಜಿಲ್ಲೆಗೊಂದು ತಾಲೂಕಿನಂತೆ ಆರಂಭಿಸಿದ ಭೂ ಸುರಕ್ಷಾ ಯೋಜನೆಯಲ್ಲಿ ಹಳೆಯ ಕಂದಾಯ ದಾಖಲೆಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ಇದನ್ನು ನಾವು ಮನಃಪೂರ್ವಕ ಸ್ವಾಗತಿಸುತ್ತೇವೆ. ಆದರೆ ಭೂಮಿ ಯೋಜನೆಯ ಪಾಠ ಮರೆಯಬಾರದು. ಕೈಬರಹದ ಪಹಣಿ ಕಂಪ್ಯೂಟರಿಗೆ ಏರಿದಾಗ ಅದರ ತಪ್ಪುಗಳೂ ಏರಿದವು, ಹೊಸ ತಪ್ಪುಗಳೂ ಸೇರಿದವು. ಒಂದು ಅಕ್ಷರ ತಿದ್ದಿಸಲು ರೈತರು ವರ್ಷಗಟ್ಟಲೆ ಅಲೆದರು. ತಿದ್ದುಪಡಿಗೆ ಆಧಾರವಾಗಿ ಕಚೇರಿ ಕೇಳಿದ್ದು ಮತ್ತದೇ ಹಳೆಯ ಕೈಬರಹದ ಪಹಣಿಯನ್ನು! ಆದ್ದರಿಂದ ಸ್ಕ್ಯಾನ್ ಆಯಿತೆಂದು ಮೂಲವನ್ನು ರದ್ದಿಗೆ ಹಾಕುವಂತಿಲ್ಲ. ಸ್ಕ್ಯಾನ್ ಮಾಡುವ ಮೊದಲೇ ಯಾವ ವರ್ಷದ ಯಾವ ವಹಿ ಇದೆ, ಯಾವುದು ಇಲ್ಲ ಎಂಬ ಪಟ್ಟಿಯನ್ನು ತಾಲೂಕು ಕಚೇರಿಯ ಗೋಡೆಗೆ ಅಂಟಿಸಲಿ. ಇಲ್ಲದ ವಹಿಯ ಎದುರು, ಅದು ಕೊನೆಯದಾಗಿ ಯಾವ ಹುದ್ದೆಯವರ ವಶದಲ್ಲಿತ್ತೆಂದು ಬರೆಯಲಿ. ಕಚೇರಿಯೇ ಕಳೆದ ವಹಿಗೆ ಸೇರಿದವರ ಮರುನೋಂದಣಿಯ ವೆಚ್ಚವನ್ನು ಕಚೇರಿಯೇ ಭರಿಸಲಿ. 2023ರ ಅಕ್ಟೋಬರ್ 1ರ ಬಳಿಕ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಪಾಸ್‌ಪೋರ್ಟಿನ ತನಕ ಜನನ ಪ್ರಮಾಣ ಪತ್ರವೇ ಆಧಾರವೆಂದು ಕಾನೂನು ಮಾಡಿದವರಿಗೆ ಇಷ್ಟು ಕೇಳುವುದು ಹೆಚ್ಚಾಗಲಾರದು.

ಜಮಾಅತಿನ ಹಿರಿಯರಲ್ಲಿಯೂ ಯುವಕರಲ್ಲಿಯೂ ನಮ್ಮ ವಿನಂತಿ ಇಷ್ಟೆ. ಬರುವ ಶುಕ್ರವಾರ ಜುಮಾದ ಬಳಿಕ ಕಮಿಟಿಯ ಪೆಟ್ಟಿಗೆಯನ್ನು ಎಲ್ಲರೆದುರು ತೆರೆಯಿರಿ. ಇರುವ ಕಾಗದಗಳ ಪಟ್ಟಿ ಬರೆದು ಇಬ್ಬರು ಸಹಿ ಹಾಕಿರಿ. ಇಲ್ಲದ್ದಕ್ಕೆ ತಾಲೂಕು ಕಚೇರಿಯಲ್ಲಿ ದೃಢೀಕೃತ ನಕಲು ಕೋರಿ ಅರ್ಜಿ ಕೊಡಿರಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ 'ಇಲ್ಲ' ಎಂದರೆ ಒಪ್ಪಬೇಡಿ, ಲಿಖಿತ ಹಿಂಬರಹ ಕೇಳಿರಿ. ಹಿಂಬರಹ ಬಂದರೆ ಆ ನೇಕಾರ ಸಹೋದರರಂತೆ ಅದನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳಬೇಡಿ. ವಹಿ ಯಾವಾಗ, ಯಾರ ವಶದಲ್ಲಿದ್ದಾಗ ಶಿಥಿಲವಾಯಿತು, ಅದಕ್ಕೆ ಆದ ವಿಚಾರಣೆಯ ವರದಿ ಎಲ್ಲಿ ಎಂದು ಮಾಹಿತಿ ಹಕ್ಕಿನಡಿ ಮರುದಿನವೇ ಎರಡನೆಯ ಅರ್ಜಿ ಹಾಕಿರಿ. ಅರ್ಜಿಯ ಶುಲ್ಕ ಹತ್ತೇ ರೂಪಾಯಿ.